ಹೂವಿಗೆ ಹೋದವರು ಕಾರಿನಲ್ಲಿ ಬಂದರು

ದಸರೆಯ ಬೆಳಿಗ್ಗೆ ನಿಗಡಿಯ ನಮ್ಮ ಮನೆಯ ಮುಂದೆ ಕೆಂಪು ಬಣ್ಣದ ಹೊಸ ಕಾರೊಂದು ಬಂದು ನಿಂತಿತು. ಎಡಗಡೆಯ ಸೀಟಿನಿಂದ ನಮ್ಮ ಯಜಮಾನರು ಇಳಿದರು. ಸ್ಕೂಟರ್ ಪೂಜೆಗೆ ಚೆಂಡುಹೂವಿನ ಮಾಲೆ ತರುತ್ತೇನೆಂದು ಅದೇ ಸ್ಕೂಟರಿನಲ್ಲಿ ಹೋದವರು! ಮಾಲೆಯನ್ನೇನೋ ತಂದಿದ್ದರು. ಸ್ಕೂಟರಿನ ಅಳತೆಯ ಆ ಮಾಲೆ ಕಾರಿನ ಕನ್ನಡಿಗೆ ಜೋತುಬಿದ್ದಿತ್ತು.

"ನಮ್ಮ ಸ್ಕೂಟರ್ ಎಲ್ರಿ?" ಎಂದೆ.

"ಅದನ್ನ ಶೋರೂಮಿನಾವ್ರಿಗೆ ಕೊಟ್ಟು ಇದನ್ನ ತಂದೆ. ಇವತ್ತಿನ ಮುಹೂರ್ತ ಭಾಳ ಛಲೋ ಅದ."

"ನಡಸಾವ್ರು ಯಾರ್ರಿ?"

ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ನಮ್ಮಿಬ್ಬರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಅಷ್ಟರಲ್ಲಿ, ಕಾರನ್ನು ಮನೆ ಮುಟ್ಟಿಸಿದ ಶೋರೂಮಿನ ಡ್ರೈವರ್ ಕೆಳಗಿಳಿದು, ಚಾವಿಯನ್ನು ಯಾರ ಕೈಗೆ ಕೊಡಲಿ ಎಂದು ಮರಾಠಿಯಲ್ಲಿ ಕೇಳಿದ. ಯಜಮಾನರು ಒಂದಿಷ್ಟೂ ಸಂಕೋಚವಿಲ್ಲದೆ ನನ್ನತ್ತ ಬೆರಳು ತೋರಿಸಿದರು.

ಆ ಸಿಟ್ಟಿನಲ್ಲೇ ಡ್ರೈವಿಂಗ್ ಕ್ಲಾಸಿಗೆ ಸೇರಿ ಕಾರು ಕಲಿತೆ. ಈಗ ದಸರೆಯ ಹೂವಿಗೆ ಇಬ್ಬರೂ ಕಾರಿನಲ್ಲೇ ಹೋಗುತ್ತೇವೆ. ಇಳಿದು ಮಾಲೆ ಕೊಳ್ಳುವವಳು ನಾನು. ಅವರನ್ನು ಮಾತ್ರ ಮನೆ ಮುಟ್ಟುವವರೆಗೂ ಎಡಗಡೆಯ ಸೀಟಿನಿಂದ ಇಳಿಯಲು ಬಿಡುವುದಿಲ್ಲ.