ತಾಮ್ರದ ಕೊಳವೆಗೆ ರಾಗಿಹಿಟ್ಟಿನ ಬೆಸುಗೆ

ನಂಬದೆ ಇರಿ ನೋಡೋಣ: ಸೋರುವ ತಾಮ್ರದ ಕೊಳವೆಯನ್ನು ರಾಗಿಹಿಟ್ಟಿನಲ್ಲಿ ಬೆಸೆದ ಗಂಡು ನಾನು.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಕೊಪ್ಪದ ಮಾವನ ಮನೆಗೆ ಹೋಗಿದ್ದೆ. ನಾಲೆಯ ನೀರು ಬಂದು ಕಬ್ಬಿನ ದುಡ್ಡು ಕಂಡ ಹೊಸತು. ಹಂಡೆಯ ಬಿಸಿನೀರು ಬಚ್ಚಲಿಗೆ ತಾನೇ ಹರಿದುಬರಲೆಂದು ಮಾವ ಮೈಸೂರಿನಿಂದ ಕೊಳವೆ ತರಿಸಿ ಊರಿಗೆಲ್ಲ ತೋರಿಸಿದ್ದರು. ಹೊಸ ಅಳಿಯನ ಎಣ್ಣೆನೀರಿನ ಬೆಳಿಗ್ಗೆಯೇ ಅದು ಒಲೆಗೆ ಸೋರಿ ಬೆಂಕಿ ಆರತೊಡಗಿತು. ಸ್ನಾನ ತಪ್ಪಿದರೆ ಮಾವನ ಮಾನ ಮದ್ದೂರು ಸಂತೆಯಲ್ಲಿ ಹರಾಜು. ಬೆಸುಗೆ ಹಾಕಬೇಕಾದರೆ ಹಂಡೆ ಬರಿದಾಗಬೇಕು. ನೀರು ತುಂಬುವ ಹಬ್ಬದಲ್ಲಿ ಪೂಜೆ ಮಾಡಿ ತುಂಬಿದ ಹಂಡೆಯನ್ನು ಬರಿದು ಮಾಡಲು ಅತ್ತೆ ಬಿಡರು.

"ನಾನಿಲ್ವಾ!" ಎಂದು ರಾಗಿಹಿಟ್ಟು ಕಲಸಿಕೊಂಡು, ಹಂಡೆಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗಿದೆ. ಬಿರುಕಿಗೆ ಹಿಟ್ಟು ಮೆತ್ತಿ ಬಟ್ಟೆ ಬಿಗಿದೆ. ಕಾವಿಗೆ ಹಿಟ್ಟು ಕಲ್ಲಾಯಿತು, ಸೋರುವುದು ನಿಂತಿತು, ಒಲೆ ಧಗಧಗಿಸಿತು. ನನಗೆ ಮಾತ್ರ ಹೊರಬರಲಾಗಲಿಲ್ಲ.

"ಏನ್ ಭಾವ, ಒಳ್ಗೇ ಸಂಸಾರ ಊಡ್ಬುಟ್ರಾ?" ಎಂದ ಬಾಮೈದ.

"ಸುಮ್ಕಿರ್ಲಾ! ಅಳಿಯಂದ್ರು ಬೇಯ್ತಾವ್ರೆ," ಎಂದರು ಮಾವ.

ಅತ್ತೆ ಮಗಳನ್ನು ಕೂಗಿದರು: "ಎಣ್ಣೆ ತಕ್ಕಬಾರವ್ವ, ಅಂಗೇ ಸುರ್ದ್ಬುಡು!"

ಹೆಂಡತಿ ನೆತ್ತಿಯಿಂದಲೇ ಸುರಿದಳು. ಬಾಮೈದ ಕಾಲು ಹಿಡಿದು ಎಳೆದ. ನಾನು ಜಾರಿಕೊಂಡು ಬಂದು ಬಚ್ಚಲಿಗೇ ಬಿದ್ದೆ, ಅಲ್ಲೇ ನೀರೆರೆದರು. ಅಳಿಯನ ಶಾಸ್ತ್ರ ಸಾಂಗವಾಯಿತೆಂದು ಮಾವ ಮೀಸೆ ತಿರುವಿದರು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರೂ ಹೆಂಡತಿ ಮಾತ್ರ ನಗಲಿಲ್ಲ.

ಎಲ್ಲವೂ ನಿಜ. ಹೆಂಡತಿ ನಗಲಿಲ್ಲವೆಂಬ ಆ ಕೊನೆಯದೊಂದು ಮಾತು ಮಾತ್ರ ನಾನೇ ಹುಟ್ಟಿಸಿದ್ದು.