ಇಂಡಿ ಬ್ಯಾಂಡಿನವರು

ಸೊಲ್ಲಾಪುರದ ಕಾರ್ಯಕ್ರಮಕ್ಕೆ ಹೊರಟ ನಾವು ಮೂವರು ಮನಗೂಳಿಯ ಖಾನಾವಳಿಗೆ ಹೊಕ್ಕಾಗ ರೊಟ್ಟಿ ಮುಗಿದಿತ್ತು. ಒಲೆ ಆರಿಸುತ್ತಿದ್ದ ಒಡತಿ ಗಿಟಾರು ನೋಡಿ, "ಯಾವ ಮೇಳದವ್ರರಿ ನೀವು?" ಎಂದರು.

"ಇಂಡಿ ಬ್ಯಾಂಡ್, ಅಕ್ಕಾ," ಎಂದ ನಮ್ಮ ಡ್ರಮ್ಮರ್. ಆ ಹೆಸರಿನ ಊರೊಂದು ಇದೇ ಜಿಲ್ಲೆಯಲ್ಲಿರುವುದು ಮೈಸೂರಿನ ಅವನಿಗೆ ಗೊತ್ತಿರಲಿಲ್ಲ.

"ಇಂಡಿಯವ್ರಾ! ನನ್ನ ತವರಮನಿನೂ ಇಂಡೀನ ರೀ. ಕುಂದರ್ರಿ, ಬಿಸಿ ರೊಟ್ಟಿ ಬಡದು ಕೊಡ್ತೇನಿ."

ಒಲೆ ಮತ್ತೆ ಹೊತ್ತಿತು. ತವರಿನ ಲಿಂಬೆ ಉಪ್ಪಿನಕಾಯಿಯೂ ತಟ್ಟೆಗೆ ಬಂತು. ಅಷ್ಟು ಹಸಿದಿದ್ದರೂ ನಾನು ಮುರಿದ ತುತ್ತನ್ನು ತಟ್ಟೆಗೇ ಇಟ್ಟೆ. ನಿಜ ಹೇಳಿಬಿಟ್ಟೆ: "ನಾವು ಆ ಊರಿನವರಲ್ಲ ಅಕ್ಕಾ. ಯಾವ ಕಂಪನಿಯ ಹಂಗೂ ಇಲ್ಲದೆ, ತಮ್ಮ ಹಾಡು ತಾವೇ ಕಟ್ಟಿ ಹಾಡುವ ರಾಕ್ ಬ್ಯಾಂಡಿಗೆ ಇಂಡಿ ಅಂತಾರೆ."

ಅವರು ಬಿದ್ದು ಬಿದ್ದು ನಕ್ಕರು. "ನಮ್ಮ ಭಜನಿ ಮಂದಿನೂ ಹಂಗ ಅದಾರಲ್ರಿ. ಅವರನ್ನ ನಾ ಉಪಾಸ ಕಳಸ್ತೇನೇನು?" ಇನ್ನೊಂದು ರೊಟ್ಟಿ ಬಿತ್ತು.

ಹೊರಡುವಾಗ ಉಪ್ಪಿನಕಾಯಿಯ ಖಾಲಿ ಬರಣಿ ಕೈಗಿಟ್ಟರು. "ಇದನ್ನ ಇಂಡ್ಯಾಗ ನಮ್ಮವ್ವಗ ಮುಟ್ಟಸ್ರಿ. ನಿಮ್ಮ ಹೆಸರಾದ್ರೂ ಖರೇ ಆಗ್ಲಿ."

ವ್ಯಾನು ಈಗ ಸೊಲ್ಲಾಪುರದ ಹೆದ್ದಾರಿ ಬಿಟ್ಟು ಇಂಡಿಯತ್ತ ಹೊರಳಿದೆ. ಬರಣಿ ಡ್ರಮ್ಮರನ ತೊಡೆಯ ಮೇಲಿದೆ. ತನ್ನ ಡ್ರಮ್ಮುಗಳನ್ನೂ ಅವನು ಇಷ್ಟು ಜೋಪಾನವಾಗಿ ಹಿಡಿದದ್ದನ್ನು ನಾನು ಕಂಡಿಲ್ಲ.