ಮೊಸರನ್ನದ ಗುಂಡಿ

ಎಂಬತ್ತರ ದಶಕದ ನಡುವೆ ನಾನು ಜಯನಗರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಆ ಮನೆಯ ಷೋಕೇಸಿನಲ್ಲಿ ಸಿಂಗಪುರದಿಂದ ಬಂದ ಒಂದು ಆಟಿಕೆ ಇತ್ತು. ಕೆಂಪು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ಇಪ್ಪತ್ತಾರು ಚಿತ್ರದ ಗುಂಡಿಗಳು. ಒಳಗಿನಿಂದ ಒಂದು ಹೆಣ್ಣುಧ್ವನಿ ಇಂಗ್ಲಿಷಿನ ಅಕ್ಷರ ಕೇಳುತ್ತಿತ್ತು. ಆ ಅಕ್ಷರದಿಂದ ಶುರುವಾಗುವ ಚಿತ್ರದ ಗುಂಡಿ ಒತ್ತಿದರೆ ಗಂಟೆ, ತಪ್ಪಿದರೆ ನಾಯಿ ಗುರುಗುಟ್ಟಿದಂಥ ಸದ್ದು. ನಾಲ್ಕು ತುಂಬದ ಅಣ್ಣನ ಮಗಳನ್ನು ನರ್ಸರಿಯ ಸಂದರ್ಶನಕ್ಕೆ ಸಿದ್ಧಪಡಿಸಲು ಅದನ್ನು ದಿನವೂ ಸಂಜೆ ಹೊರತೆಗೆಯುತ್ತಿದ್ದರು.

ನಾನು ಬೆತ್ತವೂ ಅಂಕಪಟ್ಟಿಯೂ ಇಲ್ಲದ ಶಾಲೆಯಲ್ಲಿ ಕಲಿತವಳು. ಎಳೆಯ ಮಕ್ಕಳನ್ನು ಪರೀಕ್ಷಿಸುವುದರ ವಿರುದ್ಧ ಬನಶಂಕರಿಯವರೆಗೂ ನಡೆದು ಕರಪತ್ರ ಹಂಚುತ್ತಿದ್ದೆ. ಮಗು ಆಡದ ಭಾಷೆಯಲ್ಲಿ ಮಗುವನ್ನು ಪ್ರಶ್ನಿಸುವುದು ಅನ್ಯಾಯ. ‘ಐ’ ಅಕ್ಷರಕ್ಕೆ ಇಗ್ಲೂ ಎಂದು, ಕಂಡೇ ಇರದ ಹಿಮದ ಮನೆಯ ಚಿತ್ರವನ್ನು ಗುರುತಿಸೆನ್ನುವುದು ಅನ್ಯಾಯ. ಜಗತ್ತಿನ ಪ್ರತಿ ಪ್ರಶ್ನೆಗೂ ಒಂದೇ ಉತ್ತರವೆಂದು ನಂಬಿಸುವುದು ಇವೆಲ್ಲಕ್ಕಿಂತ ದೊಡ್ಡ ಅನ್ಯಾಯ. ಹೀಗೆಂದು ಊಟದ ಹೊತ್ತಿನಲ್ಲೂ ವಾದಿಸುತ್ತಿದ್ದೆ.

“ನಿಮ್ಮ ಸ್ಕೂಲಲ್ಲಿ ಮರ ಹತ್ತೋದು ಕಲ್ಸಿದ್ರು. ಇಲ್ಲಿ ಎಬಿಸಿಡಿ ಕೇಳ್ತಾರಮ್ಮ,” ಎನ್ನುತ್ತಿದ್ದ ಅಣ್ಣ.

“ಹತ್ತಿದೋರು ಇನ್ನೂ ಇಳಿದಿಲ್ಲ,” ಎಂದು ಅತ್ತಿಗೆ ಸಾರು ಬಡಿಸುತ್ತಿದ್ದರು.

ಮಗುವಿಗೆ ಹಿಮದ ಮನೆ ಬಹಳ ಇಷ್ಟವಾಗಿತ್ತು. “ಅತ್ತೆ, ಮೊಸರನ್ನ ಬೋರಲು ಹಾಕಿದಾರೆ ನೋಡು!” ಎಂದು ಕುಣಿದಿತ್ತು. ಯಾವ ಅಕ್ಷರ ಕೇಳಿದರೂ ಅದನ್ನೇ ಒತ್ತುತ್ತಿತ್ತು. ಪೆಟ್ಟಿಗೆ ಗುರುಗುಟ್ಟುತ್ತಿತ್ತು. ಬರಬರುತ್ತ ಮಗು ಒತ್ತುವ ಮುನ್ನ ಅಪ್ಪನ ಮುಖ ನೋಡತೊಡಗಿತು.

ಸಂದರ್ಶನಕ್ಕೆ ವಾರವಿತ್ತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಪೆಟ್ಟಿಗೆಯ ಬೆನ್ನಿನ ಮುಚ್ಚಳ ತೆಗೆದು ಒಂದು ತಂತಿಯನ್ನು ಕಿತ್ತೆ. ಮಗುವನ್ನು ಬಿಡುಗಡೆ ಮಾಡಿದೆನೆಂದೇ ಭಾವಿಸಿದ್ದೆ.

ಸಂಜೆ ಅಣ್ಣ ಹೊಸ ಬ್ಯಾಟರಿ ಹಾಕಿ ನೋಡಿದ, ಪೆಟ್ಟಿಗೆಯನ್ನು ಅಲುಗಿಸಿ ನೋಡಿದ. ಪೆಟ್ಟಿಗೆ ಸದ್ದು ಮಾಡಲಿಲ್ಲ. ಅವನು ಮಗಳ ಕಡೆ ತಿರುಗಿದ. “ತಪ್ಪುತಪ್ಪು ಒತ್ತಿ ಒತ್ತಿ ಕೆಡಿಸ್ಬಿಟ್ಯಲ್ಲೇ! ನಿನ್ ಕಾಟಕ್ಕೆ ಮಾತೇ ಬಿಟ್ಬಿಡ್ತು ನೋಡು.”

ನಾನು ಅಲ್ಲೇ ನಿಂತಿದ್ದೆ. ಅಷ್ಟೆಲ್ಲ ಅನ್ಯಾಯಗಳನ್ನು ಹೆಸರಿಟ್ಟು ಕರೆದ ಬಾಯಿ ಆಗ ತೆರೆಯಲಿಲ್ಲ. ನಾಳೆ ಹೇಳೋಣವೆಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಸಂದರ್ಶನದ ದಿನ ಅಣ್ಣ ಅತ್ತಿಗೆಯ ಜೊತೆ ನಾನೂ ಹೋದೆ. ಮುಖ್ಯೋಪಾಧ್ಯಾಯಿನಿ ನಾನು ಊಹಿಸಿದ್ದಂಥ ಕಠಿಣ ಹೆಂಗಸಾಗಿರಲಿಲ್ಲ. ಇಂಗ್ಲಿಷನ್ನು ಬದಿಗಿಟ್ಟು, “ಪುಟ್ಟಾ, ಬೆಳಿಗ್ಗೆ ಏನು ತಿಂದೆ?” ಎಂದು ಕನ್ನಡದಲ್ಲೇ ಕೇಳಿದರು. ಮಗು ತುಟಿ ಬಿಗಿದುಕೊಂಡಿತು. ಹೆಸರು ಕೇಳಿದರೂ ಹೇಳಲಿಲ್ಲ. “ಮುಂದಿನ ವರ್ಷ ಕರ್ಕೊಂಡು ಬನ್ನಿ,” ಎಂದರು ಅವರು. ಹೊರಗೆ ಗೇಟಿನ ಬಳಿ ಮಗು ನನ್ನ ಸೆರಗೆಳೆದು ಪಿಸುಗುಟ್ಟಿತು: “ತಪ್ಪು ಹೇಳಿದ್ರೆ ಆ ಮಿಸ್ಸೂ ಮಾತು ಬಿಡ್ತಾರಲ್ವಾ ಅತ್ತೆ?”

ಮನೆಗೆ ಬಂದು ಎಲ್ಲರೆದುರು ಒಪ್ಪಿಕೊಂಡೆ. ಅಣ್ಣ ಎದ್ದು ಒಳಗೆ ಹೋದ. ನಾನು ತಂತಿ ಸಿಕ್ಕಿಸಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡೆ. “ನೋಡು, ಕೆಡಿಸಿದ್ದು ನಾನು, ನೀನಲ್ಲ.” ಪೆಟ್ಟಿಗೆ ಏನೂ ಆಗಿಲ್ಲವೆಂಬಂತೆ ಅದೇ ದನಿಯಲ್ಲಿ ಅಕ್ಷರ ಕೇಳಿತು. ಮಗು ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಿತು.

ತಪ್ಪೊತ್ತಿದರೂ ಏನೂ ಆಗದೆಂದು ತೋರಿಸಲು ನಾನೇ ಆ ಹಿಮದ ಮನೆಯತ್ತ ಬೆರಳು ಚಾಚಿದೆ. ಮಗು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಿತು.

“ಬೇಡ ಅತ್ತೆ. ಅದು ಮೊಸರನ್ನ ಅಲ್ಲ.”